ನೂರಕ್ಕೆ ನೂರು

ಬೋಟು ಹೊರಟ ಕೂಡಲೇ ಬಂದರಿನ ಪರದೆಯ ಮೇಲೆ ಪ್ರತಿ ಮೀನುಗಾರನ ಹೆಸರೂ ಮೂಡುತ್ತದೆ: ಇಂಥ ದಿನದಿಂದ ಇಂಥ ದಿನದೊಳಗೆ ಮರಳುತ್ತಾನೆ, ಭರವಸೆ ನೂರಕ್ಕೆ ತೊಂಬತ್ತೈದು. ಉಳಿದ ಐದರ ಮಾತನ್ನು ಊರಲ್ಲಿ ಯಾರೂ ಎತ್ತುವುದಿಲ್ಲ. ಆ ದಿನಗಳಲ್ಲಿ ಮನೆಯವರು ಅವನ ಪಾಲಿನ ಅಕ್ಕಿಯನ್ನೂ ಸೇರಿಸಿ ಅನ್ನಕ್ಕಿಡುತ್ತಾರೆ. ಅವಧಿ ಮುಗಿದರೂ ಅವನು ಬಾರದಿದ್ದರೆ, ನೆರೆಯವರು ಬಂದು, ಇನ್ನು ಅವನಿಲ್ಲವೆಂದು, ಅವನ ಬಟ್ಟಲನ್ನು ಕವುಚಿ ಹಾಕುತ್ತಾರೆ.

ಲೋಕಯ್ಯನ ಅವಧಿ ಆ ಸಂಜೆಗೆ ಮುಗಿಯುವುದಿತ್ತು. ಅವನ ಹೆಂಡತಿ ಸುಗಂಧಿ, ಪರದೆ ನೋಡಿಕೊಳ್ಳುವ ಪ್ರಫುಲ್ಲಾಳ ಕಿಟಕಿಗೆ ಬಂದಳು.

"ಆ ಐದನ್ನು ಯಾಕೆ ಬಿಟ್ಟದ್ದು? ಅದನ್ನೂ ಸೇರಿಸು. ನೂರಕ್ಕೆ ನೂರು ಹೇಳು."

"ಬೇಡ ಅಕ್ಕಾ. ನೂರು ಕೇಳಿದ್ರೆ ಅದು ಅವಧಿಯನ್ನು ಹಿಗ್ಗಿಸ್ತಾ ಹೋಗ್ತದೆ, ಏನೂ ಹೇಳದ ಹಾಗೇ."

"ಒತ್ತು ಮಾರಾಯ್ತಿ."

ಪ್ರಫುಲ್ಲಾ ಒತ್ತಿದಳು. ಲೋಕಯ್ಯನ ಹೆಸರಿನ ಮುಂದೆ ಅಕ್ಷರಗಳು ಬದಲಾದವು: ಇಂದಿನಿಂದ ಎಂದೆಂದಿನವರೆಗೆ.

ಪ್ರಫುಲ್ಲಾ ತಲೆ ತಗ್ಗಿಸಿದಳು. ಸುಗಂಧಿ ಎರಡು ಸಲ ಓದಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತೂ ಅದರೊಳಗೆ ಉಂಟು, ನಾಳೆಯೂ ಉಂಟು," ಎಂದಳು. "ಇನ್ನು ಬಟ್ಟಲು ಕವುಚಲಿಕ್ಕೆ ಯಾರೂ ಬರುವ ಹಾಗಿಲ್ಲ."

ಇಬ್ಬರಿಗಾಗುವಷ್ಟು ಕುಚ್ಚಲಕ್ಕಿ ತೊಳೆಯಲು ಮನೆಗೆ ನಡೆದಳು.