ಜಿನ್ನಿನ ಅಡಿಗಲ್ಲು

ಸುತ್ತಿಗೆಯಿಂದ ಗೋಡೆಯನ್ನು ಮೂರು ಸಲ ಕುಟ್ಟಿ ಹಾಲಸ್ವಾಮಿ ಕಿವಿಯಿಟ್ಟ. ಗೋಡೆ ಗಟ್ಟಿಯೋ ಪೊಳ್ಳೋ ತಿಳಿಯಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಬಟ್ಟೆ ಒಗೆಯುವ ಸದ್ದು ಎಲ್ಲವನ್ನೂ ನುಂಗುತ್ತಿತ್ತು.

“ಒಂದ್ ಗಳಿಗೆ ನಿಲ್ಲಿಸ್ರೀ,” ಎಂದು ಮೂಲೆಯಿಂದಲೇ ಹೇಳಿದ. ಆ ಕಡೆ ಗಂಡಸರು ಕಾಲಿಡುವ ರೂಢಿಯಿರಲಿಲ್ಲ.

“ನಿಲ್ಲಿಸ್ತೀವಿ ಬಿಡ್ರಿ. ಸೋಮವಾರ ಕೋರ್ಟಿಗೆ ಕೊಳಕು ಅಂಗೀಲೆ ಹೋಗೀರಂತೆ.” ಹೆಂಡತಿ ಪ್ರೇಮಮ್ಮನ ದನಿ. ಉಳಿದ ಹೆಂಗಸರು ನಕ್ಕರು.

ಸೋಮವಾರಕ್ಕೆ ನಾಲ್ಕೇ ದಿನ. ಅಷ್ಟರೊಳಗೆ ಅಡಿಗಲ್ಲು ಸಿಗಬೇಕಿತ್ತು.

ಜಗಳೂರಿನ ಆ ಹತ್ತಿ ಜಿನ್, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ, ಮುಚ್ಚಿ ಎರಡು ವರ್ಷವಾಗಿತ್ತು. ಅದರ ಹಿಂದೆ ಕೆಲಸಗಾರರ ಲೈನು, ಹದಿನಾಲ್ಕು ಮನೆ. ಜಿನ್ ಕಟ್ಟಿಸಿದ ಹಳೆಯ ಸಾಹುಕಾರರು ಒಂದು ಪತ್ರ ಬರೆದಿಟ್ಟು ಹೋಗಿದ್ದರು: ಅಡಿಗಲ್ಲು ಇಟ್ಟು ಐವತ್ತು ವರ್ಷ ತುಂಬಿದ ದಿನ ಲೈನಿನ ಮನೆಗಳು ಅದರಲ್ಲಿರುವವರಿಗೇ ಸೇರತಕ್ಕದ್ದು. ಅವರ ಮೊಮ್ಮಗ ೧೯೮೧ರಲ್ಲಿ ಲೈನನ್ನೂ ಸೇರಿಸಿ ಎಲ್ಲವನ್ನೂ ಮಾರಿದ. ಅಡಿಗಲ್ಲು ಇಟ್ಟದ್ದು ೧೯೩೪ರಲ್ಲಿ ಎಂದು ಅವನ ವಾದ. ೧೯೨೯ರಲ್ಲಿ ಎಂದು ಲೈನಿನವರದು. ಬಾಯಿಮಾತು ಬೇಡ, ಇಸವಿ ಕೆತ್ತಿದ ಕಲ್ಲು ತೋರಿಸಿ ಎಂದಿತ್ತು ಕೋರ್ಟು. ತೋರಿಸದಿದ್ದರೆ ಹದಿನಾಲ್ಕು ಮನೆಯೂ ನೆಲಸಮ.

ಲೈನಿನಲ್ಲಿ ಓದುಬರಹ ಬಲ್ಲವನು ಹಾಲಸ್ವಾಮಿ ಒಬ್ಬನೇ. ಹಗಲು ಹತ್ತಿ ಹೊತ್ತು, ಸಂಜೆ ಶಾಲೆಯಲ್ಲಿ ಕಲಿತು, ಕೊನೆಗೆ ಜಿನ್ನಿನ ಹಾಜರಿ ಗುಮಾಸ್ತನಾದವನು. ಹಾಗಾಗಿ ಕೇಸು ಅವನ ತಲೆಗೆ ಬಂತು. ಅರ್ಜಿಯನ್ನು ನಾಲ್ಕು ಸಲ ತಿದ್ದಿ ಬರೆದ. ಕೊಟ್ಟು ಬಂದ ಮೇಲೆ ಇನ್ನೊಂದು ತಪ್ಪು ನೆನಪಾಗಿ ಊಟ ಬಿಟ್ಟ. ಉಳಿದವರೆಲ್ಲ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಪ್ರೇಮಮ್ಮನದು ಮಾತ್ರ ಮೂಡಲಿಲ್ಲ. ಒಗೆದು ಒಗೆದು ಬೆರಳಿನ ಗೆರೆಯೆಲ್ಲ ಸವೆದಿತ್ತು. ವಕೀಲರ ಗುಮಾಸ್ತ ಎರಡು ಸಲ ಮಸಿ ಹಚ್ಚಿ ನೋಡಿ, ಬರೀ ಕಪ್ಪು ಮಚ್ಚೆ ಬಿದ್ದದ್ದಕ್ಕೆ ರೇಗಿದ್ದ.

ಜಿನ್ನನ್ನು ಹಾಲಸ್ವಾಮಿ ಮೂಲೆ ಮೂಲೆ ಅಳೆದು ನಕ್ಷೆ ಬರೆದಿದ್ದ. ಗರಗಸದ ಹಲ್ಲಿನಂಥ ಮಾಡು, ಅದರ ಬಡಗಣ ಮೈಗೆ ಗಾಜು. ಸುಣ್ಣದ ಗಾರೆಯ ಎರಡಡಿ ಗೋಡೆ. ತುದಿಯಲ್ಲಿ ಬಿರುಕು ಬಿಟ್ಟ ಚಿಮಣಿ. ಎಲ್ಲವೂ ಒಂದೇ ಕಾಲದ್ದು, ಮುಂಬಾಗಿಲೊಂದನ್ನು ಬಿಟ್ಟು. ೧೯೫೮ರಲ್ಲಿ ಲಾರಿ ಒಳಗೆ ಬರಲೆಂದು ಅಲ್ಲಿದ್ದ ಕಮಾನು ಕೆಡವಿದ್ದರು. ಅಡಿಗಲ್ಲು ಇದ್ದದ್ದು ಆ ಕಮಾನಿನ ಪಕ್ಕದಲ್ಲೇ. ಕೆತ್ತಲು ಸುಲಭವೆಂದು ತರಿಸಿದ್ದ, ಮೂರಡಿಯ ಮೆದು ಕಲ್ಲು. ಹಾಲಸ್ವಾಮಿ ಆಗ ಉಬ್ರಾಣಿಯ ಸೋದರಮಾವನ ಮನೆಯಲ್ಲಿದ್ದ. ಕಲ್ಲು ಆಮೇಲೆ ಎಲ್ಲಿ ಹೋಯಿತೆಂದು ಹೇಳಲು, ಆಗ ಲೈನಿನಲ್ಲಿದ್ದ ಹಿರಿಯರು ಒಬ್ಬರೂ ಈಗ ಉಳಿದಿರಲಿಲ್ಲ.

ಗುಮಾನಿ ಹೋದದ್ದು ಕಾವಲುಗಾರ ಬೆನಕಪ್ಪನ ಮೇಲೆ. ಈಗಲೂ ಮೊಮ್ಮಗನಿಂದ ಸಂಬಳ ತೆಗೆದುಕೊಳ್ಳುವವನು ಅವನೊಬ್ಬನೇ. ಕಲ್ಲು ಬಚ್ಚಿಡಲು ಇನ್ಯಾರಿಗೆ ಬೇಕು? ಶುಕ್ರವಾರ ಜನ ಅವನ ಮನೆಗೆ ನುಗ್ಗಿದರು. ನೆಲ ಅಗೆದರು, ಒಲೆ ಕಿತ್ತರು. ಏನೂ ಸಿಗಲಿಲ್ಲ.

ಬೆನಕಪ್ಪ ಬಾಗಿಲಲ್ಲಿ ನಿಂತು ಹಾಲಸ್ವಾಮಿಯ ಮುಖವನ್ನೇ ನೋಡಿದ. “ನೀವು ಬಟ್ಟೆ ಒಗಿಯೋ ಕಲ್ಲಿನ ಮ್ಯಾಲೇ ನಮ್ದೂ ಒಗಿಯೋದು. ನಾನು ಬ್ಯಾರೆಯವನು ಹೆಂಗಾದೆ?”

ಅದಕ್ಕೆ ಉತ್ತರವಾಗಿ ಯಾರೋ ಅವನ ಕೈ ತಿರುಚಿದರು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಹಾಲಸ್ವಾಮಿ ತಡೆಯಬಹುದಿತ್ತು. ಅನುಮಾನ ನಿಜವಿದ್ದರೂ ಇರಬಹುದು ಎಂದುಕೊಂಡು ಸುಮ್ಮನಿದ್ದ. ಮರುದಿನ ಬೆಳಿಗ್ಗೆ ಬೆನಕಪ್ಪ ಎಡಗೈಯಲ್ಲಿ ಟ್ರಂಕು ಹಿಡಿದು, ಹೆಂಡತಿಯನ್ನು ಕರೆದುಕೊಂಡು, ಯಾರಿಗೂ ಹೇಳದೆ ದಾವಣಗೆರೆ ಬಸ್ಸು ಹತ್ತಿದ.

ಅದೇ ಶನಿವಾರ ಸಂಜೆ ಒಂದು ಸುದ್ದಿ ಬಂತು. ೧೯೫೮ರಲ್ಲಿ ಕಮಾನು ಕೆಡವಿದ ಮೇಸ್ತ್ರಿ ನಬೀಸಾಬ್ ಇನ್ನೂ ಬದುಕಿದ್ದಾನೆ. ಸವಳಂಗದಲ್ಲಿ ಮಗಳ ಮನೆಯಲ್ಲಿದ್ದಾನೆ.

ಭಾನುವಾರ ಹೊರಡುವಾಗ ಪ್ರೇಮಮ್ಮ ಅಂಗಿ ಕೊಡುತ್ತ ಗೊಣಗಿದಳು. “ಕಾಲರಿನ ಕೊಳೆ ಹೋಗ್ಲೇ ಇಲ್ಲ ನೋಡ್ರಿ. ನಾನು ಮದ್ವೆಯಾಗಿ ಬಂದಾಗ ಆ ಒಗಿಯೋ ಕಲ್ಲು ತರಿತರಿ ಇತ್ತು. ಎರಡು ಸಲ ತಿಕ್ಕಿದ್ರೆ ಬಿಡ್ತಿತ್ತು. ಈಗ ನನ್ನ ಅಂಗೈಯಂಗೆ ನುಣ್ಣಗಾಗೈತೆ.”

ಹೊನ್ನಾಳಿಯಲ್ಲಿ ಮುಂದಿನ ಬಸ್ಸು ಎಷ್ಟು ಗಂಟೆಗೆ ಸಿಕ್ಕೀತೆಂದು ಲೆಕ್ಕ ಹಾಕುತ್ತಿದ್ದ ಹಾಲಸ್ವಾಮಿ ಹೂಂಗುಟ್ಟಿದ.

ಮೂರು ಬಸ್ಸು ಬದಲಿಸಿ ಸವಳಂಗ ಮುಟ್ಟಿದಾಗ ಮಧ್ಯಾಹ್ನ ಎರಡು. ನಬೀಸಾಬ್ ಗೋಡೆಗೊರಗಿ ಕೂತಿದ್ದ. ಎರಡೂ ಕಣ್ಣಿಗೆ ಪೊರೆ. ಹಾಲಸ್ವಾಮಿ ತೀರಿಹೋದ ತನ್ನ ತಾಯಿಯ ಹೆಸರು ಹೇಳಿದ. ಮಗಳು ಸೈದಾಬೀ ಮುದುಕನ ಕಿವಿಯ ಹತ್ತಿರ ಬಾಗಿ, ಜಗಳೂರು ಜಿನ್ನಿನ ಕೊಟ್ರಮ್ಮನ ಮಗ ಬಂದಿದ್ದಾರೆ ಎಂದಳು. ಮುದುಕನ ಮುಖ ಅರಳಿತು. ಕಲ್ಲಿನ ಮಾತು ಎತ್ತುತ್ತಲೇ ಅವನ ಕೈ ಗಾಳಿಯಲ್ಲಿ ಅದರ ಅಂಚು ಸವರಿತು.

“ಒಡೆದು ಕೆರೆಗೆ ಹಾಕು ಅಂದಿದ್ರು. ನನಗೆ ಮನಸ್ಸು ಬರ್ಲಿಲ್ಲ, ಅಂಥ ಕಲ್ಲು. ನಿಮ್ಮವ್ವ ಕೇಳಿದ್ಲು, ಕೊಟ್ಟೆ. ನಲ್ಲಿ ಹತ್ರ ನಾನೇ ಕೂರಿಸ್ದೆ.”

ಇಪ್ಪತ್ತೈದು ವರ್ಷ ಹದಿನಾಲ್ಕು ಮನೆಯ ಹೆಂಗಸರು ಪಾಳಿ ಹಚ್ಚಿ ಒಗೆಯುತ್ತಿದ್ದದ್ದು ಅದರ ಮೇಲೆಯೇ. ಹಾಲಸ್ವಾಮಿಗೆ ಬೆನಕಪ್ಪನ ಕೈ ನೆನಪಾಯಿತು. ಅವನನ್ನು ಹುಡುಕಿ ಕರೆತರಬೇಕು, ಕಾಲು ಹಿಡಿಯಬೇಕು, ಅದು ಆಮೇಲೆ. ಮೊದಲು ಮನೆಗಳು. ನಾಳೆ ಬೆಳಕು ಹರಿಯುತ್ತಲೇ ನಾಲ್ಕು ಜನ ಹಾರೆ ಹಾಕಿ ಕಲ್ಲನ್ನು ಮಗುಚಿದರೆ ಸಾಕು, ಅಡಿಯಲ್ಲಿ ಇಸವಿ ಇದ್ದೇ ಇರುತ್ತದೆ.

ಎದ್ದು ಚಪ್ಪಲಿ ಮೆಟ್ಟಿದ. ಆದರೆ ಯಾವುದನ್ನೂ ಎರಡು ಸಲ ಕೇಳದೆ ನಂಬುವವನಲ್ಲ. ಬಾಗಿಲಿಂದ ತಿರುಗಿ ಬಂದ.

“ಅಕ್ಷರ ಕೆಳಗೆ ಬರಂಗೆ ಕೂರಿಸಿದ್ರಿ ಅಲ್ವೇನ್ರಿ, ಸಾಬ್ರೇ?”

“ಹಂಗೇ ಕೂರಿಸಾಕೆ ಹೋದೆ,” ಎಂದ ನಬೀಸಾಬ್. “ನಿಮ್ಮವ್ವ ಬಿಡ್ಲಿಲ್ಲ. ಅಕ್ಷರ ಮ್ಯಾಲೇ ಇರ್ಲಿ, ತಿಕ್ಕಿದ್ರೆ ಕೊಳೆ ಬೇಗ ಬಿಡ್ತೈತೆ ಅಂದ್ಲು.”