ಇಟ್ಟಿಗೆಯ ಮೇಲಿನ ಬೆರಳುಗಳು

ಲಿಯಾಂಡರ್ ಎಂಬ ಊರಲ್ಲಿ ನಾನೀಗ ಇರುವ ಮನೆಯ ಹಿತ್ತಲಲ್ಲಿ, ಬಿಸಿಲಿಗೆ ಕಾದ ಇಟ್ಟಿಗೆಯ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನನಗೆ ಇಂದಿಗೂ ಆಗುವುದಿಲ್ಲ.

ನನಗೆ ಆರೇಳು ವರ್ಷವಿದ್ದಾಗ ನಾವು ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೈಸೂರಿನಿಂದ ಬಂದಿದ್ದ ಅಜ್ಜಿಗೆ ಮಿಸಿಸಿಪ್ಪಿ ನದಿ ತೋರಿಸಲೆಂದು ಅಪ್ಪ ದಿನವಿಡೀ ಡ್ರೈವ್ ಮಾಡಿ ನ್ಯಾಚೆಜ್ ಎಂಬ ಪುಟ್ಟ ಹಳೆಯ ಊರಿಗೆ ಕರೆದೊಯ್ದರು. “ಇಷ್ಟು ಬಗ್ಗಡವಾಗಿದ್ಯಲ್ಲೋ,” ಎಂದು ಅಜ್ಜಿ ನದಿಗೆ ಮೂಗು ಮುರಿದರು. ಮಾರನೆಯ ಮಧ್ಯಾಹ್ನ, ಒಂದು ಕಾಲದಲ್ಲಿ ಹತ್ತಿಯ ಹೊಲಗಳಿದ್ದ ಧಣಿಯೊಬ್ಬನ ಬಂಗಲೆ ನೋಡಲು ಹೋದೆವು.

ಹಿಂದುಗಡೆಯ ಅಡುಗೆಮನೆಯ ಗೋಡೆಯಲ್ಲಿ ಕೆಲವು ಇಟ್ಟಿಗೆಗಳ ಮೇಲೆ ಸಣ್ಣ ಬೆರಳುಗಳ ಗುರುತಿತ್ತು. ಅವು ಹಸಿ ಇಟ್ಟಿಗೆ ಹೊತ್ತ ಗುಲಾಮರ ಮಕ್ಕಳವು ಎಂದು ಮನೆ ತೋರಿಸುತ್ತಿದ್ದ ಬಿಳಿ ಹೆಂಗಸು ಹೇಳಿದಳು. ನನ್ನ ಬೆರಳುಗಳು ಆ ಕುಳಿಗಳಲ್ಲಿ ಸರಿಯಾಗಿ ಕೂತವು.

“ಈ ಮನೆಯವರು ಆಳುಗಳನ್ನು ಸ್ವಂತ ಮಕ್ಕಳಂತೆ ನೋಡಿಕೊಂಡರು,” ಎಂದು ಆಕೆ ನಕ್ಕಳು. ಅಪ್ಪ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದರು.

“ನಾವೂ ಹಾಗೇ ನೋಡ್ಕೊಂಡಿದ್ವಲ್ಲ, ನಮ್ಮ ಗದ್ದೆ ಕೆಲಸದವರನ್ನ,” ಎಂದು ಅಜ್ಜಿ ತಲೆದೂಗಿದರು. ಅಷ್ಟರಲ್ಲಿ ನನ್ನ ಕೈ ಅವರ ಕಣ್ಣಿಗೆ ಬಿತ್ತು. “ಅಯ್ಯೋ, ಅದನ್ನ ಯಾಕೆ ಮುಟ್ಟಿದೆ? ಯಾರ ಕೈಯೋ ಏನೋ! ಬಾ ಇಲ್ಲಿ.”

ಅಜ್ಜಿ ಚೀಲದಿಂದ ನೀರಿನ ಬಾಟಲಿ ತೆಗೆದು, ಅದು ನನ್ನ ಕೈಗೆ ತಾಗದಂತೆ ಎತ್ತರದಿಂದ ನೀರು ಹೊಯ್ದರು. ಅದು ಕಾದ ಇಟ್ಟಿಗೆ ನೆಲಕ್ಕೆ ಬಿದ್ದು ವಾಸನೆ ಎದ್ದಿತು. ಅಪ್ಪ ಕ್ಯಾಮೆರಾ ಒರೆಸುತ್ತ ನಿಂತರು.

ನಾನು ಒದ್ದೆ ಕೈಯನ್ನು ಮತ್ತೆ ಆ ಗೋಡೆಗೆ ಒತ್ತಿ, ಕೆಂಪು ಧೂಳು ಮೆತ್ತಿದ ಬೆರಳುಗಳಿಂದಲೇ ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ.