ಎರಡು ಬಾಣಲೆ ಸಿಗಡಿ

"ಮಾವ, ಇದರಲ್ಲಿ ಆಯಿಷಮ್ಮನ ಬಾಣಲೆ ಯಾವುದು?"

ತಲೆ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದ ಫ್ಲಾಯ್ಡ್ ಕೇಳಿದ. ಒಲೆಯ ಮೇಲೆ ಎರಡು ಬಾಣಲೆಗಳಲ್ಲಿ ಸಿಗಡಿ ಸಣ್ಣಗೆ ಕುದಿಯುತ್ತಿತ್ತು. ಮೇಲಿನ ಮನೆಯ ಆಯಿಷಮ್ಮ ಊಟಕ್ಕೆ ಬರುತ್ತಾರೆಂದು ಅವನು ಹಂದಿಮಾಂಸ, ಮದ್ಯ ಸೋಕದ ಹೊಸ ಬಾಣಲೆಯನ್ನೇ ತಂದಿದ್ದ. ಒಂದು ಕೊಂಡರೆ ಒಂದು ಉಚಿತ ಎಂಬ ಆಫರಿನಲ್ಲಿ ಅದರ ಅವಳಿಯೂ ಬಂದಿತ್ತು. ಎರಡರಲ್ಲೂ ವಕ್ರಾದ ಮೀನು ಮಾರ್ಕೆಟ್ಟಿನ ಅದೇ ಸಿಗಡಿ, ಅದೇ ಬೆಳ್ಳುಳ್ಳಿ, ಅದೇ ಕಾಳುಮೆಣಸು. ಆದರೆ ಒಂದಕ್ಕೆ ಹೊಯ್ದದ್ದು ಮದ್ಯದ ಪರ್ಮಿಟ್ ತೋರಿಸಿ ತಂದ ನಿಜವಾದ ಬಿಯರ್. ಇನ್ನೊಂದಕ್ಕೆ ಸೂಪರ್ ಮಾರ್ಕೆಟ್ಟಿನ ಅಮಲಿಲ್ಲದ ಝೀರೋ ಬಿಯರ್, ಆಯಿಷಮ್ಮನ ಮನೆಯವರೇ ಬಿರಿಯಾನಿ ಜೊತೆ ಕುಡಿಯುವಂಥದ್ದು.

"ಎಡಗಡೆಯದು," ಎಂದರು ಮಾವ ರಾಫೆಲ್. ಮಂಗಳೂರಿನಿಂದ ಗಲ್ಫಿನ ಮಗಳ ಮನೆಗೆ ಬಂದು ಎರಡು ವಾರವಾಗಿತ್ತು; ಮಗಳು ಇವತ್ತು ಡ್ಯೂಟಿಗೆ ಹೋಗಿದ್ದಳು. ನಿಜವಾದ ಬಿಯರ್ ಬೀಳದ ಸಿಗಡಿಯನ್ನು ಬೇಕಾದರೆ ಬೆಕ್ಕಿಗೆ ಹಾಕು ಎಂದು ಹಟ ಹಿಡಿದವರು ಅವರೇ. ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು: "ಎಡಗಡೆಯದು ಆಗಿತ್ತು. ಎಡಗಡೆಯ ಒಲೆ ಸರಿಯಾಗಿ ಕಾಯುವುದಿಲ್ಲ ಮಾರಾಯ. ಪಾಪ, ಆ ಹೆಂಗಸಿನದು ಬೇಯದೆ ಉಳಿದೀತು ಅಂತ ಅದಲು ಬದಲು ಮಾಡಿದೆ."

"ಎಷ್ಟು ಸಲ?"

"ಎರಡು ಸಲ." ರಾಫೆಲ್ ಬೆರಳು ಮಡಿಸಿದರು, ಬಿಡಿಸಿದರು. "ಮೂರೂ ಇರಬಹುದು."

ಫ್ಲಾಯ್ಡ್ ಗೋಡೆಯ ಗಡಿಯಾರ ನೋಡಿದ. ಶುಕ್ರವಾರದ ನಮಾಜು ಮುಗಿದು, ಮಗ ಸೊಸೆಗೆ ಬಡಿಸಿ, ಆಯಿಷಮ್ಮ ಕೆಳಗಿಳಿಯಲು ಇನ್ನು ಹತ್ತು ನಿಮಿಷ. ಆರು ವರ್ಷದಿಂದ ಪ್ರತಿ ಶುಕ್ರವಾರ ಅವರ ಮನೆಯಿಂದ ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿ ಸಾರು ಇವನಿಗೆ ಇಳಿದು ಬರುತ್ತಿತ್ತು. ಪಾತ್ರೆಯನ್ನು ಬರಿದಾಗಿ ಹಿಂದೆ ಕೊಡಬಾರದೆಂದು ಇವನು ಸೇಬು, ಬಾಳೆಹಣ್ಣು ಹಾಕಿ ಕಳಿಸುತ್ತಿದ್ದ. ಇವನ ಮನೆಯಲ್ಲಿ ಆಯಿಷಮ್ಮ ನೀರು ಕುಡಿದಿದ್ದರು, ಅಷ್ಟೇ. ಕಳೆದ ವಾರ ಮೆಟ್ಟಿಲ ಹತ್ತಿರ ನಿಂತು ಅವರೇ ಹೇಳಿದ್ದರು: "ಒಮ್ಮೆ ನಿನ್ನ ಕೈ ರುಚಿ ನೋಡುವಾ ಮಗಾ."

"ಗಾಬರಿ ಮಾಡಿಕೊಳ್ಳಬೇಡ," ಎಂದು ರಾಫೆಲ್ ಸೌಟು ತೆಗೆದುಕೊಂಡರು. "ನಲವತ್ತು ವರ್ಷ ಬಿಯರಿನಲ್ಲಿ ಪಳಗಿದ ನಾಲಿಗೆ ಇದು. ವಾಸನೆಯಲ್ಲೇ ಹೇಳುತ್ತೇನೆ."

ವಾಸನೆಯಲ್ಲಿ ಬೆಳ್ಳುಳ್ಳಿ ಮಾತ್ರ ಇತ್ತು. ಎಡಗಡೆಯ ಒಂದು ಸಿಗಡಿ ತಿಂದು ಕಣ್ಣು ಮುಚ್ಚಿದರು. ಬಲಗಡೆಯ ಒಂದು ತಿಂದು ಚಾವಣಿ ನೋಡಿದರು. ಎಡಗಡೆಯದೇ ನಿಜವಾದದ್ದು ಎಂದರು. ಖಚಿತ ಮಾಡಿಕೊಳ್ಳಲು ಇನ್ನೆರಡು ತಿಂದು, ಅಲ್ಲ, ಬಲಗಡೆಯದು ಎಂದರು. ಫ್ಲಾಯ್ಡ್‌ನೂ ರುಚಿ ನೋಡಿದ. ಅವನಿಗೆ ಎರಡೂ ಚೆನ್ನಾಗಿದ್ದವು, ಅದೇ ತೊಂದರೆ.

"ಹೇಳದಿದ್ದರೆ ಆಯ್ತಪ್ಪ," ಎಂದರು ರಾಫೆಲ್ ಗಡ್ಡ ಒರೆಸುತ್ತಾ. "ಇಷ್ಟು ಕುದಿದ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ? ನನ್ನ ನಾಲಿಗೆಗೇ ಸಿಗದ್ದು ಅವರಿಗೆ ಸಿಕ್ಕೀತಾ?"

ಆಗಲೇ ಬೆಲ್ ಆಯಿತು.

ಆಯಿಷಮ್ಮ ಇಸ್ತ್ರಿ ಮಾಡಿದ ಹೊಸ ಶಾಲು ಹೊದ್ದು ಬಂದಿದ್ದರು. ಮೇಜಿಗೆ ಕೂತು, ಕೈ ತೊಳೆದು ಬಂದದ್ದನ್ನು ತೋರಿಸುವ ಹಾಗೆ ಬೆರಳು ಕೊಡವಿದರು. ಫ್ಲಾಯ್ಡ್ ಅನ್ನ ಬಡಿಸಿದ. ಎಡಗಡೆಯ ಬಾಣಲೆಯಿಂದ ನಾಲ್ಕು ಸಿಗಡಿ ಬೇರೆ ತಟ್ಟೆಗೆ ಹಾಕಿ ತಂದಿಟ್ಟ. ಎಡವೋ ಬಲವೋ, ಅರ್ಧಕ್ಕರ್ಧ ಸರಿಯೇ ಇರಬಹುದಲ್ಲ.

"ಪರಿಮಳ ಮೆಟ್ಟಿಲವರೆಗೆ ಬಂದಿತ್ತು," ಎಂದರು ಆಯಿಷಮ್ಮ. "ಬಿಸ್ಮಿಲ್ಲಾ" ಎಂದು ಕೈ ಚಾಚಿದರು.

ಫ್ಲಾಯ್ಡ್ ತಟ್ಟೆಯ ಅಂಚು ಹಿಡಿದುಕೊಂಡ. ಅವರು ಎಳೆದರೂ ಬಿಡಲಿಲ್ಲ.

"ಎಂತ ಮಗಾ? ಕೊಡುವ ಮನಸ್ಸಿಲ್ಲವಾ?"

ಅವನು ಹೇಳಿದ. ಎರಡು ಬಾಟಲಿ, ಎರಡು ಬಾಣಲೆ, ಕಾಯದ ಒಲೆ, ಎರಡು ಸಲವೋ ಮೂರು ಸಲವೋ, ಎಲ್ಲ. ಹೇಳುತ್ತಾ ಅವನ ಕಿವಿ ಕೆಂಪಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಾಫೆಲ್ ಮೆಲ್ಲಗೆ ಒಳಗೆ ಸರಿದರು.

ಆಯಿಷಮ್ಮ ಕೈ ಹಿಂದೆ ತೆಗೆದುಕೊಂಡರು. ಎದ್ದು ಹೋಗುತ್ತಾರೆ, ಇನ್ನು ನೀರೂ ಕುಡಿಯುವುದಿಲ್ಲ ಎಂದುಕೊಂಡ ಫ್ಲಾಯ್ಡ್.

"ಅನ್ನ ಯಾವುದರಲ್ಲಿ ಮಾಡಿದ್ದು?"

"ಕುಕ್ಕರಿನಲ್ಲಿ. ಅದಕ್ಕೆ ಅನ್ನ ಬಿಟ್ಟು ಬೇರೆ ಏನೂ ಗೊತ್ತಿಲ್ಲ."

"ಮೊಟ್ಟೆ ಉಂಟಾ?"

ಮೊಟ್ಟೆ ಇತ್ತು. ಆದರೆ ಯಾವ ಪಾತ್ರೆಯಲ್ಲಿ? ಫ್ಲಾಯ್ಡ್ ನೀರು ಕಾಯಿಸುವ ಕೆಟಲನ್ನು ಎತ್ತಿ ತೋರಿಸಿದ. ಬ್ಯಾಚುಲರ್ ರೂಮಿನಲ್ಲಿ ಎಂಟು ಜನರಿಗೆ ಅದರಲ್ಲೇ ಮೊಟ್ಟೆ ಬೇಯಿಸಿದವನು ಅವನು. ಆಯಿಷಮ್ಮ ತಲೆಯಾಡಿಸಿದರು. ಬೆಂದ ಮೊಟ್ಟೆಯನ್ನು ಅನ್ನದ ಮೇಲೆ ಒಡೆದು, ಉಪ್ಪು, ಕಾಳುಮೆಣಸು ಹಾಕಿ ಕಲಸಿ ಉಂಡರು. ಇನ್ನೊಂದು ಕೇಳಿ ಹಾಕಿಸಿಕೊಂಡರು.

"ಪೊರ್ಬುಗಳೇ," ಎಂದು, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, ರಾಫೆಲರನ್ನು ಕೂಗಿದರು. "ಕಡೆಗೆ ಯಾವುದು ಅಂತ ಗೊತ್ತಾಯಿತಾ?"

ರಾಫೆಲ್ ಸೌಟು ಹಿಡಿದು ಹೊರಗೆ ಬಂದರು. ಎರಡು ಬಾಣಲೆಯೂ, ಮೇಜಿನಿಂದ ಒಳಗೆ ಹೋಗಿದ್ದ ತಟ್ಟೆಯೂ ಬರಿದಾಗಿದ್ದವು. "ಇನ್ನು ನಾಲ್ಕು ಸಿಗಡಿ ಇದ್ದಿದ್ದರೆ ಖಂಡಿತ ಹೇಳುತ್ತಿದ್ದೆ," ಎಂದರು.

ಆಯಿಷಮ್ಮ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತರು.

"ಬರುವ ಶುಕ್ರವಾರ ಸಿಗಡಿ ನಾನು ತರ್ತೇನೆ. ಬಾಣಲೆ ಕೂಡಾ ನಾನೇ ತರ್ತೇನೆ. ಇವತ್ತು ನನ್ನ ತಟ್ಟೆ ಬಿಡದೆ ಹಿಡಿಯಿತಲ್ಲ ಮಗಾ, ಅಡುಗೆಗೆ ಆ ಕೈ ಮಾತ್ರ ನಿನ್ನದಿರಲಿ."